ಏಳು ಉಸಿರಿನ ಊರು

ಆ ಊರಿನಲ್ಲಿ ಚೆಲುವನ್ನು ಇಡುವುದಕ್ಕೊಂದು ಮನೆಯಿತ್ತು. ಊರ ನಡುವೆ ದಿಬ್ಬದ ಮೇಲೆ ಕಿಟಕಿಯೇ ಇಲ್ಲದ ಕಲ್ಲುಮನೆ. ಕಣ್ಣಿಗೆ ಚಂದ ಕಾಣುವುದೆಲ್ಲ ಅದರೊಳಗೇ ಇರಬೇಕು, ಹೊರಗೆ ಇರಕೂಡದು ಎಂಬುದು ಊರಿನ ಕಟ್ಟಳೆ. ಯಾರು ಹಾಕಿದ ಕಟ್ಟಳೆಯೋ ಯಾರಿಗೂ ನೆನಪಿರಲಿಲ್ಲ. ಪ್ರತಿ ಹುಣ್ಣಿಮೆಯ ಮಾರನೆಯ ದಿನ ಜನ ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ಎಣ್ಣೆದೀಪದ ಬೆಳಕಿನಲ್ಲಿ ಕೆತ್ತಿದ ಕಂಬ ನೋಡುತ್ತಿದ್ದರು, ಬಣ್ಣದ ಪಟ ನೋಡುತ್ತಿದ್ದರು, ಯಾರೂ ನುಡಿಸದ ವೀಣೆ ನೋಡುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ "ನೋಡಿದೆವು" ಎಂದು ಹೇಳಿ ಬರುತ್ತಿದ್ದರು. ಅಷ್ಟು ನೋಡಿದವರ ಕಣ್ಣಿಗೆ ಇನ್ನೊಂದು ತಿಂಗಳು ಬೇರೇನೂ ಬೇಕಾಗುವುದಿಲ್ಲ ಎಂದು ಊರು ನಂಬಿತ್ತು.

ಹೊರಗೆಲ್ಲಾದರೂ ಚಂದ ಕಂಡರೆ ಅದು ಕದ್ದ ಮಾಲು. ಚೆಲುವಿನ ಮನೆಯಿಂದಲ್ಲದೆ ಅದು ಬೇರೆ ಎಲ್ಲಿಂದ ಬಂದೀತು?

ಕದ್ದದ್ದನ್ನು ಪತ್ತೆ ಹಚ್ಚುವುದಕ್ಕೆ ಒಂದು ಅಳತೆಯಿತ್ತು. ದಾರಿಯಲ್ಲಿ ಹೋಗುವವರು ಯಾರದೇ ಕೆಲಸದ ಮುಂದೆ ನಿಂತು ಏಳು ಉಸಿರಿಗಿಂತ ಹೆಚ್ಚು ಹೊತ್ತು ನೋಡಿದರೆ, ಆ ಕೆಲಸ ಮಾಡುವವರು ಕಳ್ಳರು. ಅವರ ಎರಡೂ ಕೈಗೆ ಗೋಣಿಚೀಲ ತೊಡಿಸಿ ಮಣಿಕಟ್ಟಿನ ಹತ್ತಿರ ಬಿಗಿಯುತ್ತಿದ್ದರು. ಒಂದು ವರ್ಷ ಆ ಚೀಲ ಬಿಚ್ಚುವಂತಿರಲಿಲ್ಲ. ಒಂದು ವರ್ಷ ಬೇರೆಯವರು ಉಣ್ಣಿಸಬೇಕು, ಬೇರೆಯವರು ಮುಖ ತೊಳೆಸಬೇಕು. ಬೆರಣಿಯನ್ನು ಗೋಪುರದ ಹಾಗೆ ಒಟ್ಟುತ್ತಿದ್ದ ಮುದುಕಿಗೆ ಹಾಗೆ ಮಾಡಿದ್ದರು. ಹರಿದ ಅಂಗಿಗೆ ತೇಪೆ ಹಾಕುವ ಸಿಂಪಿಗನಿಗೆ ಹಾಗೆ ಮಾಡಿದ್ದರು. ವರ್ಷ ಕಳೆದು ಚೀಲ ಬಿಚ್ಚಿದಾಗ ಸಿಂಪಿಗನ ಕೈ ಬಾಳೆದಿಂಡಿನ ಹಾಗೆ ಬೆಳ್ಳಗಾಗಿತ್ತು. ಸೂಜಿ ಕೊಟ್ಟರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಇದೇನೆಂದು ಕೇಳಿದನಂತೆ.

ಆದ್ದರಿಂದ ಆ ಊರಿನ ಜನ ಕೆಲಸವನ್ನು ಒಂದಿಷ್ಟು ಕೆಡಿಸಿಯೇ ಮಾಡುತ್ತಿದ್ದರು. ಗೋಡೆ ಕಟ್ಟುವವನು ಕೊನೆಯಲ್ಲಿ ಒಂದು ಕಲ್ಲನ್ನು ಸೊಟ್ಟಗೆ ಇಡುತ್ತಿದ್ದ. ಕುಂಬಾರ ಒಣಗುವ ಮೊದಲೇ ಗಡಿಗೆಯ ಕಂಠವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ತಾಯಂದಿರು ಮಕ್ಕಳಿಗೆ ಜಡೆ ಹಾಕಿ ಬಾಗಿಲು ದಾಟುವ ಮುಂಚೆ ಒಂದೆಳೆ ಕೂದಲು ಎಳೆದು ಬಿಡುತ್ತಿದ್ದರು.

ಉಸಿರು ಎಣಿಸುವುದಕ್ಕೆ ಊರಿನವರು ಒಬ್ಬನನ್ನು ನೇಮಿಸಿದ್ದರು. ಅವನನ್ನು ಎಣಿಕೆಯವನು ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಎಣಿಕೆಯಲ್ಲಿ ಮಾತ್ರ ತಪ್ಪದವನು. ಅವನು ಯಾರ ಕೆಲಸವನ್ನೂ ನೋಡುತ್ತಿರಲಿಲ್ಲ. ಕೆಲಸಕ್ಕೆ ಬೆನ್ನು ಮಾಡಿ ನಿಂತು, ನೋಡುವವರ ಎದೆಯನ್ನು ನೋಡುತ್ತಿದ್ದ. ಎದೆ ಏರಿ ಇಳಿದರೆ ಒಂದು. ಮತ್ತೆ ಏರಿ ಇಳಿದರೆ ಎರಡು. ಏಳರವರೆಗೆ ಸುಮ್ಮನಿರುತ್ತಿದ್ದ. ಎಂಟನೆಯದಕ್ಕೆ ಕೈ ಎತ್ತುತ್ತಿದ್ದ. ಅವನು ಓಣಿಗೆ ಬಂದನೆಂದರೆ ಜನ ಉಸಿರು ಬಿಗಿಹಿಡಿದು ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ಗಾಣದವನು ಅವನ ಮನೆ ಕಟ್ಟೆಯ ಹತ್ತಿರ ಬಂದು ನಿಂತ.

"ಎಣಿಕೆಯವರ, ಒಂದು ಮಾತು ಐತ್ರಿ."

"ಹೇಳು."

"ನಮ್ಮ ಓಣಿ ಕಡೀ ಮನಿ ಹೆಣ್ಣುಮಗಳು. ಮಂದಿ ಮನಿ ಕಾಳು ಕೇರಿಕೊಡ್ತಾಳಲ್ರಿ, ಆಕಿ."

"ಏನ ಮಾಡ್ಯಾಳ?"

"ಏನೂ ಮಾಡಿಲ್ರಿ. ಕಾಳು ಕೇರತಾಳ." ಗಾಣದವನು ಸುತ್ತ ನೋಡಿ ದನಿ ತಗ್ಗಿಸಿದ. "ಮಂದಿ ನಿಲ್ಲಾಕ ಹತ್ಯಾರ್ರಿ."

"ಯಾವ ಮಂದಿ?"

 ಎಣಿಕೆಯವನು ಅವನ ಎದೆಯನ್ನೇ ನೋಡುತ್ತ ಕಾದ.

"ನಾನೂ ನಿಂತೇನ್ರಿ," ಅಂದ ಗಾಣದವನು. ಅವನ ಕಿವಿ ಕೆಂಪಾಗಿತ್ತು. "ನಿನ್ನೆ. ಎಣ್ಣಿ ಕೊಡಾಕ ಹೊಂಟಿದ್ದೆ. ನಿಲ್ಲಬೇಕಂತ ನಿಲ್ಲಲಿಲ್ರಿ."

"ಎಷ್ಟು?"

"ಹನ್ನೊಂದು."

ಹನ್ನೊಂದು ಎಂದರೆ ಎಣಿಕೆಯವನಿಗೂ ಹೊಸದು. ಬೆರಣಿಯ ಮುದುಕಿಯದು ಎಂಟೇ ಆಗಿತ್ತು. ಅವನಿಗೆ ಮೊದಲು ಗಾಣದವನ ಮೇಲೆಯೇ ಅನುಮಾನ ಬಂತು. ತನ್ನ ಮನೆಯಲ್ಲಿ ಇನ್ನೇನನ್ನೋ ಮುಚ್ಚಿಡಲು ಬೇರೆಯವರ ಮನೆ ತೋರಿಸುವವರು ಆ ಊರಿನಲ್ಲಿ ಬಹಳ ಜನ. ಆದರೂ ನಾಲ್ಕು ಸೇರು ಜೋಳ ಚೀಲಕ್ಕೆ ಹಾಕಿಕೊಂಡು ಹೊರಟ.

ಕಡೆಯ ಮನೆಗೆ ಕಟ್ಟೆ ಇರಲಿಲ್ಲ. ಬಾಗಿಲಿನ ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ಸಗಣಿಯಿಂದ ಸಾರಿಸಿದ ನೆಲ. ಕೇರುವವಳು ಅಲ್ಲಿ ಕಾಲು ಚಾಚಿ ಕೂತಿದ್ದಳು. ಐವತ್ತರ ಆಚೀಚಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬಂದವನು ಯಾರೆಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಏಳಲಿಲ್ಲ.

"ಬರ್ರಿ. ಎಷ್ಟು ಜ್ವಾಳ?"

"ನಾಲ್ಕು ಸೇರು."

ಅವಳು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಬಿಟ್ಟಳು. "ಕಲ್ಲು ಬಾಳ ಅದಾವ್ರಿ. ಇಷ್ಟು ದಿನ ಇದನ್ನ ಹಂಗ ಉಂಡೀರೇನು?"

ಎಣಿಕೆಯವನು ಮರದ ಬೊಡ್ಡೆಗೆ ಒರಗಿ, ಅವಳಿಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ ಕೂತ. ಹಿಂದಿನಿಂದ ಸದ್ದು ಶುರುವಾಯಿತು. ಕಾಳು ಮೇಲೆ ಹೋಗುವಾಗ ಸದ್ದಿಲ್ಲ. ಕೆಳಗೆ ಬಿದ್ದಾಗ ಒಂದು ಸದ್ದು. ನಡುವೆ ಮೊರದ ಅಂಚಿಗೆ ಬೆರಳಿನಿಂದ ಎರಡು ಸಲ ಬಡಿಯುವ ಸದ್ದು. ಹೊಟ್ಟು ಹಾರಿ ಅವನ ಹೆಗಲ ಮೇಲೆ ಕೂತಿತು. ಅವನು ತಿರುಗಲಿಲ್ಲ.

ಹಾಲಿನವಳು ಬಂದಳು, ನಿಂತಳು. ಒಂದು, ಎರಡು, ಮೂರು, ನಾಲ್ಕು. ಎಣಿಕೆಯವನನ್ನು ಕಂಡು ಬೆಚ್ಚಿ ಹೋದಳು. ಆಮೇಲೆ ಕೋಲು ಊರಿಕೊಂಡು ಒಬ್ಬ ಕುರುಡ ಬಂದ. ಅವನೂ ನಿಂತ. ಒಂದು, ಎರಡು, ಮೂರು. ಕುರುಡನಿಗೆ ಎಣಿಕೆಯವನು ಕಾಣುವಂತಿರಲಿಲ್ಲ, ಬೆಚ್ಚುವಂತಿರಲಿಲ್ಲ. ಏಳು, ಎಂಟು, ಒಂಬತ್ತು. ಕುರುಡನ ಉಸಿರು ನೋಟದ ಲೆಕ್ಕಕ್ಕೆ ಸಲ್ಲುತ್ತದೋ ಇಲ್ಲವೋ ಎಂದು ಎಣಿಕೆಯವನ ಕೈ ಮೇಲೇಳಲಿಲ್ಲ.

ಎಣಿಕೆಯವನು ಎದ್ದು ಅವನ ತೋಳು ಹಿಡಿದ. "ಕಣ್ಣಿಲ್ಲದ ನಿನಗ ಇಲ್ಲೇನ ಕಂಡಿತು?"

ಕುರುಡನಿಗೆ ದನಿಯಿಂದಲೇ ಗುರುತು ಸಿಕ್ಕಿತು.  ಆದರೂ ಅವನು ಸುಳ್ಳು ಹೇಳಲಿಲ್ಲ. "ಮಳಿ ಬಂದಂಗಾತ್ರಿ. ಮೈ ತೊಯ್ಯಲಿಲ್ಲ. ಯಾಕ ತೊಯ್ಯಲಿಲ್ಲ ಅಂತ ನಿಂತೆ."

ಎಣಿಕೆಯವನು ಕೇರುವವಳ ಕಡೆಗೆ ಹೋದ. ಅಷ್ಟರಲ್ಲಿ ಅವಳು ಜೋಳವನ್ನು ಚೀಲಕ್ಕೆ ತುಂಬಿ, ಆರಿಸಿ ತೆಗೆದ ಕಲ್ಲನ್ನು ಒಂದು ಕಡೆ ಇಟ್ಟಿದ್ದಳು.

"ಇದನ್ನ ನಿನಗ ಯಾರು ಕಲಿಸಿದ್ರು?"

"ಕಲಿಸೋದೇನೈತ್ರಿ ಇದರಾಗ? ನಮ್ಮವ್ವ ಕೇರತಿದ್ಲು. ನಾ ಮಗ್ಗಲಕ ಕುಂತಿರತಿದ್ದೆ."

"ನಿಮ್ಮವ್ವ ಚೆಲುವಿನ ಮನಿಗೆ ಹೋಗತಿದ್ಲು?"

"ಎಲ್ಲಾರೂ ಹೋಗತಾರಲ್ರಿ."

"ಅಲ್ಲಿ ಏನ ನೋಡತಿದ್ಲು? ಯಾವುದರ ಮುಂದ ನಿಲ್ಲತಿದ್ಲು?"

ಕೇರುವವಳು ನಿಜವಾಗಿಯೂ ಯೋಚಿಸಿದಳು. "ನೆಲಾ ನೋಡತಿದ್ಲು ಅನಸ್ತೈತಿ. ಅಷ್ಟು ದೊಡ್ಡ ಮನಿ ಕಸಾ ಯಾರು ಹೊಡೀತಾರೋ ಪಾಪ ಅಂತಿದ್ಲು."

ಅವನು ಅವಳ ಮನೆ ಜಾಲಾಡಿದ. ಮೂರು ಗಡಿಗೆ, ಹೊದೆಯುವ ಒಂದು ಕೌದಿ, ಒಂದು ಒಲೆ. ಮೊರವನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಬಿದಿರಿನ ಸಾದಾ ಮೊರ, ಮೆಂತ್ಯೆ ಅರೆದು ಬಳಿದದ್ದು. ಮೂಸಿ ನೋಡಿದ. ತಿರುವಿ ಬಡಿದ. ಏನೂ ಬೀಳಲಿಲ್ಲ. ಏನೂ ಸಿಗದಿದ್ದುದರಿಂದ ಅವನ ಅನುಮಾನ ಹೆಚ್ಚಿತು.

ಅಲ್ಲಿಂದ ನೇರ ದಿಬ್ಬ ಹತ್ತಿದ. ಚೆಲುವಿನ ಮನೆಯ ಬೀಗ ಕಾಯುವವನನ್ನು ಬೀಗದ ಹಿರಿಯ ಎನ್ನುತ್ತಿದ್ದರು. ಊರಿನ ನ್ಯಾಯವೂ ಅವನದೇ. ಅವನ ಸೊಂಟದಲ್ಲಿ ಕೀಲಿಕೈಗಳ ಗೊಂಚಲು ಜೋಲುತ್ತಿತ್ತು. ಅದರ ಭಾರಕ್ಕೆ ಅವನು ಒಂದು ಮಗ್ಗುಲಿಗೆ ವಾಲಿಯೇ ನಡೆಯುತ್ತಿದ್ದ. ಇಬ್ಬರೂ ದೀಪ ಹಿಡಿದು ಒಳಗೆ ಹೋದರು. ಕಂಬಗಳಿದ್ದವು. ಪಟಗಳಿದ್ದವು. ವೀಣೆಯಿತ್ತು. ಒಂದೊಂದನ್ನೇ ಮುಟ್ಟಿ ನೋಡುತ್ತ ಹಿರಿಯ ಮನೆಯೆಲ್ಲ ಸುತ್ತಿದ.

"ಏನೂ ಹೋಗಿಲ್ಲ," ಅಂದ. ಅವನ ದನಿಯಲ್ಲಿ ಸಮಾಧಾನವಿರಲಿಲ್ಲ.

"ಹಂಗಾದ್ರ ಆಕಿ ಕದ್ದಿಲ್ರಿ."

ಹಿರಿಯ ದೀಪವನ್ನು ಅವನ ಮುಖದ ಹತ್ತಿರ ತಂದ. "ಹಂಗನಬ್ಯಾಡ. ಏನೂ ಹೋಗದಾಂಗ ಕದ್ದಾಳ ಅಂದ್ರ ಆಕಿ ಎಂಥಾ ಕಳ್ಳಿ ಇರಬೇಕು, ತಿಳಕೊ." ದೀಪ ಕೆಳಗಿಳಿಸಿ ಮತ್ತೆ ಹೇಳಿದ: "ಕದ್ದಿಲ್ಲ ಅಂದ್ರ ಅದು ಅಲ್ಲೇ ಹುಟ್ಟೇತಿ ಅಂತಾತು. ಒಂದು ಬೇವಿನ ಗಿಡದ ಬುಡಕ್ಕ, ಒಂದು ಮೊರದಾಗ. ಹಂಗಾದ್ರ ಈ ಮನಿ ಯಾಕ ಬೇಕು? ನಾ ಯಾಕ ಬೇಕು? ನೀ ಯಾಕ ಬೇಕು?"

ಹೊರಗೆ ಬಂದು ಹಿರಿಯ ಬೀಗ ಹಾಕಿದ.

"ಮೂರನೇ ದಿನ ಆಕಿನ್ನ ಕರಕೊಂಡು ಬಾ. ಎಲ್ಲಾರ ಮುಂದ ಕೇರಲಿ. ನೀ ಎಣಸು. ಎಂಟಾದ್ರ ಚೀಲಾ ಹಾಕೋಣು."

ಅಂದು ಎಣಿಕೆಯವನು ಮಧ್ಯಾಹ್ನವೇ ಮನೆಗೆ ಬಂದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನು ಸಂಜೆಗಿಂತ ಮೊದಲು ಮನೆಗೆ ಬಂದದ್ದಿಲ್ಲ.

ಅವನ ಹೆಂಡತಿ ಕೈಚಳಕದವಳಲ್ಲ ಎಂದು ಊರೆಲ್ಲ ಬಲ್ಲದು. ಅವಳು ಇಟ್ಟ ತಂಬಿಗೆ ಉರುಳುತ್ತದೆ, ಅವಳು ಮಡಿಸಿದ ಬಟ್ಟೆ ಗಂಟಿನಂತಿರುತ್ತದೆ, ಅವಳು ಸಾರಿಸಿದ ನೆಲ ಕೋಳಿ ಕೆದರಿದಂತಿರುತ್ತದೆ. ಎಣಿಕೆಯವನಿಗೆ ಅದರಿಂದ ನೆಮ್ಮದಿಯೇ ಇತ್ತು. ಇಂಥ ಕೈಯ ಮೇಲೆ ಯಾರು ತಾನೇ ಅನುಮಾನಪಟ್ಟಾರು?

ಬಾಗಿಲು ಓರೆಯಾಗಿತ್ತು. ಅವಳು ನಡುಮನೆಯಲ್ಲಿ ಮಂಡಿಯೂರಿ, ಅವನಿಗೆ ಬೆನ್ನು ಮಾಡಿ ಸಗಣಿ ಸಾರಿಸುತ್ತಿದ್ದಳು. ಕೈ ಒಮ್ಮೆ ಎಡದಿಂದ ಬಲಕ್ಕೆ ಬಾಗಿ ಹೋಗುತ್ತಿತ್ತು, ಹೋದಲ್ಲಿಂದ ಹಿಂದೆ ಸರಿದು ಮತ್ತೆ ಬಾಗುತ್ತಿತ್ತು. ಒಂದು ಬಾಗಿನ ಅಂಚಿಗೆ ಇನ್ನೊಂದು ಬಾಗು ಸೇರಿ, ಅದರ ಅಂಚಿಗೆ ಮತ್ತೊಂದು ಸೇರಿ, ಗೋಡೆಯಿಂದ ಗೋಡೆಯವರೆಗೆ ನೆಲ ಕೆರೆಯ ನೀರಿನ ಹಾಗೆ ತೆರೆ ತೆರೆಯಾಗಿ ಹರಡಿತ್ತು. ಎಲ್ಲಿಯೂ ಒಂದು ಬೆರಳಿನ ಗುರುತು ಎದ್ದು ಕಾಣುತ್ತಿರಲಿಲ್ಲ.

ಅವನ ನೆರಳು ನೆಲದ ಮೇಲೆ ಬಿತ್ತು. ಅವಳು ತಿರುಗಿ ನೋಡಿದಳು. ನೋಡಿದವಳೇ ಎರಡೂ ಅಂಗೈಗಳಿಂದ ಆ ತೆರೆಗಳನ್ನು ಗಸಗಸನೆ ಉಜ್ಜಿ ಕೆಡಿಸಿಬಿಟ್ಟಳು. ಕೋಳಿ ಕೆದರಿದಂತಾಯಿತು. ಅವನಿಗೆ ಗುರುತಿದ್ದ ತನ್ನ ಮನೆಯ ನೆಲವಾಯಿತು.

"ಅಳಿಸಿದ್ಯಾಕ?"

"ನೀವು ಬಂದ್ರಿ."

"ದಿನಾ ಹಿಂಗ ಮಾಡ್ತೀಯೇನು? ಮಾಡಿ, ನಾ ಬರೂದ್ರಾಗ ಅಳಸ್ತೀಯೇನು?"

ಅವಳು ಕೈಯ ಸಗಣಿಯನ್ನು ಬಕೀಟಿನ ಅಂಚಿಗೆ ಒರೆಸಿದಳು.

"ಎಷ್ಟು ವರ್ಷಾತು?"

"ಮದಿವಿ ಆದಾಗಿಂದ."

ಅವನು ಹೊಸ್ತಿಲ ಮೇಲೆ ಕೂತ. "ನಾ ನಿನ್ನ ಹಿಡಕೊಟ್ಟೇನು ಅಂತ ತಿಳಕೊಂಡಿದ್ದೇನು?"

"ಹಿಡಕೊಡಾಂಗಿಲ್ಲ ಅಂತ ನಿಮಗ ಗೊತ್ತೈತೇನು?"

ಅವನು ಅಳಿಸಿದ ನೆಲವನ್ನು ನೋಡಿದ.  ಬಾಗಿಲಲ್ಲಿ ನಿಂತ ಆ ಹೊತ್ತಿನಲ್ಲೂ ಅವನು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು ಎಣಿಸಿದ್ದ. ಐದಕ್ಕೇ ಅವಳು ತಿರುಗಿದ್ದಳು. ಐದೇ ಆಯಿತಲ್ಲ ಎಂದು ಅವನು ಒಳಗೊಳಗೇ ಹಗುರಾಗಿದ್ದ. ಎಂಟಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಈಗ ತನ್ನನ್ನು ತಾನೇ ಕೇಳಿಕೊಂಡ; ತಿಳಿಯಲಿಲ್ಲ.

"ನಿಮಗ ಗೊತ್ತಿಲ್ಲದ್ದು ನನಗ ಹ್ಯಾಂಗ ಗೊತ್ತಾಗಬೇಕ್ರಿ?" ಅಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಬಕೀಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಹೋಗುವಾಗ ಅದನ್ನು ಕದಕ್ಕೆ ತಾಗಿಸಿ ದೊಡ್ಡ ಸದ್ದು ಮಾಡಿದಳು. ಬೇಕೆಂದೇ ಮಾಡಿದಳೆಂದು ಅವನಿಗೆ ಮೊದಲ ಸಲ ತಿಳಿಯಿತು.

ಆ ಎರಡು ದಿನ ಅವನು ಊರೆಲ್ಲ ತಿರುಗಿದ. ಎಲ್ಲಿ ನೋಡಿದರೂ ಸೊಟ್ಟ ಕಲ್ಲು, ಒತ್ತಿದ ಗಡಿಗೆ, ಎಳೆದ ಕೂದಲು. ಇಷ್ಟು ದಿನ ಅವು ಮಂದಿಯ ಕೈಲಾಗದ ಗುರುತು ಎಂದುಕೊಂಡಿದ್ದ. ಈಗ ಒಂದೊಂದರ ಹಿಂದೆಯೂ ಅಳಿಸಿದ ಇನ್ನೊಂದು ಇದೆ ಎನ್ನಿಸತೊಡಗಿತು. ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ? ಊರಿಗೆ ಊರೇ ತಾನು ಬರುವ ಹೆಜ್ಜೆ ಸಪ್ಪಳ ಕೇಳಿ ಅಂಗೈಯಿಂದ ಉಜ್ಜಿಕೊಂಡಂತೆ ಕಂಡಿತು.

ಎರಡನೆಯ ದಿನ ಹೊತ್ತು ಇಳಿಯುವಾಗ ಬೇವಿನ ಮರದ ಹತ್ತಿರ ಹೋದ.

"ನಾಳೆ ದಿಬ್ಬದ ಮ್ಯಾಲೆ ಎಲ್ಲಾರ ಮುಂದ ಕೇರಬೇಕಂತ. ಕೆಟ್ಟದಾಗಿ ಕೇರು," ಅಂದ. "ಕಾಳು ಚೆಲ್ಲು. ಮೊರಾ ವಾಲಸು. ಮಂದಿ ನಗಲಿ. ಯಾರೂ ನಿಲ್ಲೂದಿಲ್ಲ."

ಕೇರುವವಳು ಅವನನ್ನು ದಿಟ್ಟಿಸಿದಳು. "ಎಣಿಸೋರೇ ಬಂದು ಇದನ್ನ ಹೇಳತೀರಿ. ಇದರಾಗೇನೈತ್ರಿ? ಬೇಕಂತ ಕೆಡಸಿದ್ಲು, ಮೊದಲ ಕಳ್ಳಿ ಇದ್ದಾಳ, ಅದಕ್ಕ ಅಂಜ್ಯಾಳ ಅಂತ ಹೇಳಾಕೇನು?"

"ಅಲ್ಲ."

"ನಿಮ್ಮನ್ನ ಹ್ಯಾಂಗ ನಂಬಲಿ?"

"ನಂಬಬ್ಯಾಡ. ಕೆಟ್ಟದಾಗಿ ಕೇರು, ಅಷ್ಟ."

ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. "ಕೆಟ್ಟದಾಗಿ ಕೇರಿದ್ರ ಕಲ್ಲು ಉಳೀತಾವಲ್ರಿ. ಇದು ನೋಡ್ರಿ, ಮೊರಾ ಹಿಂಗ ಸ್ವಲ್ಪ ಎತ್ತಿದ್ರ ಹೊಟ್ಟು ಮುಂದ ಹೋಗತೈತಿ, ಹಿಂಗ ಬಳುಕಿಸಿದ್ರ ಕಲ್ಲು ಹಿಂದ ನಿಲ್ಲತೈತಿ. ಮಂದಿಗೆ ಚಂದ ಕಾಣಲಿ ಅಂತ ನಾ ಏನೂ ಮಾಡಾಂಗಿಲ್ಲ. ಕಲ್ಲು ಹೋಗಬೇಕಂದ್ರ ಕೈ ಹಿಂಗ ಹೋಗಬೇಕು. ಉಣ್ಣೋರ ಹಲ್ಲಿಗೆ ಕಲ್ಲು ಸಿಕ್ಕರ ಅದು ನನ್ನ ಪಾಪ." ತನ್ನ ಕೈ ನೋಡಿಕೊಂಡು ಹೇಳಿದಳು, "ಆದರ ಕೈಗೆ ಚೀಲಾ ಹಾಕಿದ್ರ ನನಗ ಉಣ್ಣಸೋರು ಯಾರೂ ಇಲ್ರಿ. ನೋಡತೀನಿ. ಕೆಡಸಾಕ ಬರತೈತೇನೋ ನೋಡತೀನಿ."

ಮೂರನೆಯ ದಿನ ಬೆಳಿಗ್ಗೆ ದಿಬ್ಬದ ಮೇಲೆ ಊರೆಲ್ಲ ನೆರೆಯಿತು. ಚೆಲುವಿನ ಮನೆಯ ಅಂಗಳದಲ್ಲಿ ಚಾಪೆ ಹಾಸಿದ್ದರು. ಒಂದು ಕಡೆ ಎರಡು ಗೋಣಿಚೀಲ, ಒಂದು ಸುತ್ತು ಹುರಿ ಇಟ್ಟಿದ್ದರು. ಬೀಗದ ಹಿರಿಯ ಒಂದು ಮಗ್ಗುಲಿಗೆ ವಾಲಿ ಕೂತಿದ್ದ. ಎಣಿಕೆಯವನು ಕೇರುವವಳಿಗೆ ಬೆನ್ನು ಮಾಡಿ, ಮಂದಿಯ ಎದುರಿಗೆ ನಿಂತ. ಗುಂಪಿನ ಹಿಂದೆ ಅವನ ಹೆಂಡತಿಯೂ ಇದ್ದಳು. ಅವಳ ಕಣ್ಣು ಅವನ ಮೇಲೆಯೇ ಇತ್ತು.

"ಶುರು ಮಾಡು," ಅಂದ ಹಿರಿಯ.

ಮೊದಲ ಸಲ ಮೊರ ಎತ್ತಿದಾಗ ಕಾಳು ಅಂಗಳದ ತುಂಬ ಚೆಲ್ಲಿತು. ಯಾರೋ ನಕ್ಕರು. ನಗು ಗುಂಪಿನ ಉದ್ದಕ್ಕೂ ಹರಿಯಿತು. ಎರಡನೆಯ ಸಲ ಮೊರ ವಾಲಿತು, ಹೊಟ್ಟೆಲ್ಲ ಅವಳ ಮುಖಕ್ಕೇ ಬಡಿಯಿತು. ಮತ್ತೆ ನಗು. ಗಾಣದವನು ತಲೆ ತಗ್ಗಿಸಿದ. ಎಣಿಕೆಯವನ ಬೆನ್ನು ಸಡಿಲಾಯಿತು.

ಮೂರನೆಯ ಸಲ ಮೊರದೊಳಗೆ ಒಂದು ಕಲ್ಲು ಕಟಕ್ಕೆಂದಿತು.

ಎಣಿಕೆಯವನಿಗೆ ಆ ಸದ್ದು ಕೇಳಿಸಿತು. ಅವಳಿಗೂ ಕೇಳಿಸಿತೆಂದು ಅವನಿಗೆ ತಿಳಿಯಿತು, ಏಕೆಂದರೆ ಮೊರ ಒಂದು ಗಳಿಗೆ ನಿಂತಿತು. ಆಮೇಲೆ ಬೆರಳು ಅಂಚಿಗೆ ಎರಡು ಸಲ ಬಡಿಯಿತು. ಕಾಳು ಮೇಲೆ ಹೋಯಿತು, ಸದ್ದಿಲ್ಲ. ಕೆಳಗೆ ಬಿತ್ತು, ಒಂದೇ ಸದ್ದು. ಮತ್ತೆ ಮೇಲೆ. ಮತ್ತೆ ಕೆಳಗೆ. ನಗು ನಿಂತುಹೋಯಿತು. ಅವನ ಎದುರಿಗಿದ್ದ ನೂರು ಮುಖಗಳೂ ಅವನನ್ನು ದಾಟಿ ಅವನ ಹಿಂದಕ್ಕೆ ನೋಡತೊಡಗಿದವು. ಮಗು ಎತ್ತಿಕೊಂಡವಳು ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಿಸಲು ಹೋಗಿ ಹಾಗೆಯೇ ನಿಂತಳು. ಕುರುಡ ತಲೆ ಓರೆ ಮಾಡಿದ. ಸಿಂಪಿಗ ತನ್ನ ಬೆಳ್ಳಗಿನ ಕೈಗಳನ್ನು ಕಂಕುಳಿನಿಂದ ಹೊರಗೆ ತೆಗೆದ. ಎದೆಗಳು ಏರಿದವು, ಇಳಿದವು.

ಒಂದು, ಅಂದುಕೊಂಡ ಎಣಿಕೆಯವನು. ಎರಡು.

ಆಗ ಅವನು ತಿರುಗಿದ.

ಜೋಳ ಬಿಸಿಲಿನಲ್ಲಿ ಒಂದು ಸೆರಗಿನ ಹಾಗೆ ಮೇಲೆದ್ದು, ಮಡಚಿಕೊಂಡು, ಮೊರಕ್ಕೆ ಇಳಿಯುತ್ತಿತ್ತು. ಹೊಟ್ಟು ಬೇರೆಯಾಗಿ ಗಾಳಿಗೆ ಹೋಗುತ್ತಿತ್ತು. ಸಣ್ಣ ಕಲ್ಲೊಂದು ನೂರು ಸಾವಿರ ಕಾಳಿನ ನಡುವಿನಿಂದ ತಾನಾಗಿಯೇ ಹೊರಟಂತೆ ಹಿಂದೆ ಹಿಂದೆ ಸರಿದು ಅವಳ ಹೆಬ್ಬೆರಳಿನ ಹತ್ತಿರ ಬರುತ್ತಿತ್ತು. ಅವಳ ಮುಖದಲ್ಲಿ ಭಯವಿತ್ತು. ಕೈಯಲ್ಲಿ ಇರಲಿಲ್ಲ. ಕೈಗೆ ಆ ಕಲ್ಲೊಂದೇ ಬೇಕಾಗಿತ್ತು. ಕಲ್ಲು ಹೆಬ್ಬೆರಳಿಗೆ ತಾಗಿತು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟು ಮೊರವನ್ನು ನೆಲಕ್ಕಿಳಿಸಿದಳು. ಕೈ ಎರಡನ್ನೂ ಮುಂದೆ ಚಾಚಿ ಕೂತಳು, ಚೀಲಕ್ಕಾಗಿ.

ಬೀಗದ ಹಿರಿಯ ಎದ್ದು ನಿಂತ. ನೋಡುತ್ತಿದ್ದ ಅವನ ಎದೆಯೂ ಏರಿಳಿಯುತ್ತಿತ್ತು. "ಎಷ್ಟಾತು?"

ಎಣಿಕೆಯವನು ಅವಳ ಚಾಚಿದ ಕೈಗಳನ್ನು ನೋಡುತ್ತಿದ್ದ.

"ನಿನ್ನ ಕೇಳಾಕ ಹತ್ತೇನಿ. ಎಷ್ಟು ಉಸಿರಾತು?"

"ನಾ ಎಣಿಸಲಿಲ್ರಿ," ಅಂದ ಎಣಿಕೆಯವನು. "ನೋಡತಿದ್ದೆ."

 ಹಿರಿಯ ಮಂದಿಯ ಕಡೆಗೆ ತಿರುಗಿದ. "ಮತ್ತ್ಯಾರರ ಎಣಿಸೀರೇನು? ಹೇಳ್ರಿ! ಯಾರರ ಒಬ್ಬರು ಎಣಿಸಿರಬೇಕು!" ಎಲ್ಲರೂ ತಮ್ಮ ಕಾಲು ನೋಡಿಕೊಂಡರು. ಹಿರಿಯ ಗಾಣದವನನ್ನು ಮುಂದಕ್ಕೆ ಎಳೆದ. "ನೀ ಅವತ್ತು ಹನ್ನೊಂದು ಎಣಿಸಿದ್ದೆಲ್ಲ. ಇವತ್ತೆಷ್ಟು?"

ಗಾಣದವನು ಕೇರುವವಳನ್ನು ನೋಡಿದ, ಹುರಿಯನ್ನು ನೋಡಿದ. "ನನಗ ಹತ್ತರ ಮ್ಯಾಲೆ ಎಣಸಾಕ ಬರೂದಿಲ್ರಿ," ಅಂದ. "ಅವತ್ತು ಸುಳ್ಳು ಹೇಳಿದೆ."

ಎಣಿಕೆ ಇಲ್ಲದೆ ಚೀಲ ಹಾಕುವಂತಿಲ್ಲ. ಅದೂ ಕಟ್ಟಳೆಯೇ. ಕೇರುವವಳು ಮೊರ ಎತ್ತಿಕೊಂಡು, ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿಕೊಂಡು, ಯಾರ ಜೊತೆಯೂ ಮಾತಾಡದೆ ದಿಬ್ಬ ಇಳಿದು ಹೋದಳು.

ಎಣಿಕೆಯವನ ಕೆಲಸ ಹೋಯಿತು. ಹಿರಿಯ ಅಲ್ಲಿಯೇ ಸಾರಿದ: "ಇನ್ನ ಮ್ಯಾಲೆ ಹೊಸ ಎಣಿಕೆಯವ ಇರತಾನ. ಯಾರು ಅಂತ ಹೇಳಾಂಗಿಲ್ಲ. ನಿಮ್ಮೊಳಗೇ ಒಬ್ಬ. ಇವತ್ತಿನಿಂದ ಅಂವ ಎಣಸ್ತಾನ."

ಆ ಮಾತು ಗೋಣಿಚೀಲಕ್ಕಿಂತ ಬಿಗಿಯಾಗಿತ್ತು. ಮೊದಲಾದರೆ ಒಬ್ಬನಿಗೆ ಅಂಜಿದರೆ ಸಾಕಿತ್ತು. ಈಗ ಅಣ್ಣ ತಮ್ಮನಿಗೆ ಅಂಜಿದ, ಸೊಸೆ ಅತ್ತೆಗೆ ಅಂಜಿದಳು, ಬಾವಿಯ ಹತ್ತಿರ ಹಗ್ಗ ಎಳೆಯುವವಳು ಮುಂದೆ ನಿಂತವಳ ಎದೆಯನ್ನೇ ನೋಡಿದಳು. ಕೇರುವವಳ ಅಂಗಳಕ್ಕೆ ಜನ ಮುಖ ತಿರುಗಿಸಿಕೊಂಡು ಬಂದು, ಚೀಲ ಇಟ್ಟು, ಮುಖ ತಿರುಗಿಸಿಕೊಂಡೇ ಹೋದರು. ಕುರುಡ ಮಾತ್ರ ದಿನವೆಲ್ಲ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಅವನು ನೋಡಿದನೆಂದು ಯಾರು ಹೇಳಬೇಕು?

ಎಲ್ಲರಿಗಿಂತ ಹೆಚ್ಚಿನ ಅನುಮಾನ ಹಳೆಯ ಎಣಿಕೆಯವನ ಮೇಲೆ ಬಿತ್ತು. ಕೆಲಸ ಹೋದಂತೆ ನಾಟಕವಾಡುತ್ತಿದ್ದಾನೆ, ಗುಟ್ಟಿನ ಎಣಿಕೆಯವನೂ ಅವನೇ ಎಂದು ಊರು ಪಿಸುಗುಟ್ಟಿತು. ಅವನು ಕೂಲಿ ಕೇಳಿದರೆ ಯಾರೂ ಕೊಡಲಿಲ್ಲ. ಓಣಿಯಲ್ಲಿ ಬಂದರೆ ಬಾಗಿಲು ಮುಚ್ಚಿಕೊಂಡವು. ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಹಾಕಿ ನೀರು ಹೊಯ್ಯುತ್ತ ಅವನು ದಿನ ಕಳೆದ. ಹೆಂಡತಿ ಮೊದಲಿನ ಹಾಗೆಯೇ ತಂಬಿಗೆ ಉರುಳಿಸುತ್ತಿದ್ದಳು.

ಬೇಸಿಗೆ ಬಂದಾಗ ಒಂದು ದಿನ ಅವಳು ಅವನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತಳು.

"ಹೊಸಬ ನೀವೇ ಅಂತಾರ ಮಂದಿ."

"ನೀ ಏನಂತಿ?"

"ನಾ ಏನನ್ನಲಿ?"

"ನಾ ಅಲ್ಲ," ಅಂದ ಅವನು.

"ಹೌದಿದ್ರೂ ಹಂಗ ಅಂತೀರಿ."

ಅದು ನಿಜವಾಗಿತ್ತು. ಅವನು ರೊಟ್ಟಿ ಮುರಿದ. ತನ್ನ ಮಾತಿಗೆ ಸಾಕ್ಷಿ ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಕೂಡಿಟ್ಟದ್ದೆಲ್ಲ ಅವನ ವಿರುದ್ಧದ ಸಾಕ್ಷಿಯೇ. ಹೆಂಡತಿ ಅವನು ಉಂಡು ಮುಗಿಸುವವರೆಗೂ ಅಲ್ಲಿಯೇ ಕೂತು, ತಟ್ಟೆ ತೆಗೆದುಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ದೊಡ್ಡ ಬೋಗುಣಿಯಲ್ಲಿ ಅಕ್ಕಿಹಿಟ್ಟು ಕುದಿಯುತ್ತಿತ್ತು. ಅವಳು ಅದಕ್ಕೆ ಜೀರಿಗೆ, ಉಪ್ಪು ಹಾಕಿ ತಿರುವಿದಳು. ಅವನ ಹಳೆಯ ಧೋತರವನ್ನು ಹೆಗಲಿಗೆ ಹಾಕಿಕೊಂಡಳು.

"ಮಾಳಿಗಿ ಮ್ಯಾಲೆ ಸಂಡಿಗಿ ಹಾಕತೀನಿ. ಒಂದು ಕೋಲು ತಗೊಂಡು ಬರ್ರಿ."

ಅವನಿಗೆ ದಿಗಿಲಾಯಿತು. ಮಾಳಿಗೆ ಎಂದರೆ ನಾಲ್ಕೂ ಕಡೆಯ ಮನೆಗಳಿಗೆ ಕಾಣುವ ಜಾಗ. "ಮಂದಿ ನೋಡತಾರ."

"ನೋಡಲಿ."

"ಎಣಿಸೋರು ಇರತಾರ."

"ಇರಲಿ. ನೀವೂ ಇರತೀರಲ್ಲ." ಅವಳು ಏಣಿಗೆ ಕಾಲಿಟ್ಟಳು. "ನನಗೂ ವಯಸ್ಸಾತ್ರಿ. ಅಳಿಸಿ ಅಳಿಸಿ ಕೈ ಸೋತಾವು."

ಮೇಲೆ ಬಿಸಿಲು ಆಗಲೇ ಕಾದಿತ್ತು. ಅವಳು ಧೋತರವನ್ನು ನೀರಲ್ಲಿ ಅದ್ದಿ, ಹಿಂಡಿ, ಮಡಿಕೆಯಿಲ್ಲದ ಹಾಗೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. ಅವನನ್ನು ಅದರ ಪಕ್ಕದಲ್ಲಿ ಕೂರಿಸಿದಳು.

"ಇಲ್ಲಿ ಕುಂದರ್ರಿ. ನನ್ನ ಕಡೆ ನೋಡಬ್ಯಾಡ್ರಿ. ಕಾಗಿ ನೋಡ್ರಿ."

ಅವನು ಅವಳಿಗೆ ಬೆನ್ನು ಮಾಡಿ ಕಾಗೆಗಳನ್ನು ನೋಡಿದ. ಮೂರಿದ್ದವು, ಪಕ್ಕದ ಮಾಳಿಗೆಯ ಅಂಚಿನ ಕುಂಬಿಯ ಮೇಲೆ. ಹಿಂದಿನಿಂದ ಸವಟಿನ ಸದ್ದು ಬರುತ್ತಿತ್ತು. ಹಿಟ್ಟು ಬಟ್ಟೆಗೆ ಬೀಳುವ ಸದ್ದು, ಸವಟಿನ ಬೆನ್ನಿನಿಂದ ಅದನ್ನು ಸುತ್ತ ಹರಡುವ ಸದ್ದು, ಆಮೇಲೆ ಬಳೆಯ ಸದ್ದು. ಎದುರು ಮಾಳಿಗೆಯಲ್ಲಿ ಬಟ್ಟೆ ಒಣಹಾಕಲು ಬಂದ ಹೆಂಗಸು ನಿಂತಳು. ಅದರಾಚೆಯ ಮಾಳಿಗೆಯಲ್ಲಿ ಒಬ್ಬ ಮುದುಕ ಎದ್ದು ಕೂತ. ಅವನು ಅವರ ಎದೆ ನೋಡಲಿಲ್ಲ. ಕಾಗೆ ಬಂದರೆ ಕೋಲು ಎತ್ತಿದ. ಹೋದರೆ ಇಳಿಸಿದ. ಹೊತ್ತು ನೆತ್ತಿಗೆ ಬಂತು, ನೆತ್ತಿ ದಾಟಿತು. ಬೆನ್ನು ಸುಡುತ್ತಿತ್ತು.

ಕೊನೆಗೆ ಬೋಗುಣಿಯ ತಳ ಕೆರೆದ ಸದ್ದಾಯಿತು. ಹೆಂಡತಿ ಅವನ ಮಗ್ಗುಲಿಗೆ ಬಂದು ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಎದುರಿನ ಮಾಳಿಗೆಗಳ ಕಡೆ ಒಮ್ಮೆ ನೋಡಿದಳು, ಅವನ ಕಡೆ ಒಮ್ಮೆ ನೋಡಿದಳು.

"ಈಗ ನೋಡ್ರಿ," ಅಂದಳು.

ಅವನು ಕೋಲು ಕೆಳಗಿಟ್ಟು ತಿರುಗಿದ. ಧೋತರದ ತುಂಬ ಒಂದೇ ಅಳತೆಯ ಸಂಡಿಗೆಗಳು ಒಂದರ ಮಗ್ಗುಲಿಗೊಂದು ಸಾಲುಗಟ್ಟಿದ್ದವು. ಅಷ್ಟು ಹೊತ್ತು ಕಾದಿದ್ದ ಕಾಗೆಯೊಂದು ಕುಂಬಿಯಿಂದ ಹಾರಿ ಬಂದು, ಅಂಚಿನ ಸಂಡಿಗೆಯೊಂದನ್ನು ಕಚ್ಚಿಕೊಂಡು ಹೋಯಿತು. ಅದನ್ನು ಓಡಿಸಲು ಇಬ್ಬರೂ ಏಳಲಿಲ್ಲ.